‘ಫಾರ್ಮುಲಾ’ ಎದುರಾದಾಗ ಕನ್ನಡದಲ್ಲಿ ಏನು ಬರೆಯಬೇಕು

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವವರಿಗೆ, ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವವರಿಗೆ, ಸುದ್ದಿ ಬರೆಯುವ ಮತ್ತು ತಿದ್ದುವವರಿಗೆ ‘ಫಾರ್ಮುಲಾ’ ಎಂಬ ಪದ ಕಂಡ ಕೂಡಲೇ ಕೈ ತಾನಾಗಿಯೇ ‘ಸೂತ್ರ’ ಎಂದು ಬರೆದುಬಿಡುತ್ತದೆ. ಗಣಿತದ ಪುಟದಲ್ಲಿ ಅದು ಸರಿಯಾಗಿಯೇ ಇರುತ್ತದೆ. ಆದರೆ ಅದೇ ಪದ ಔಷಧದ ಚೀಟಿಯಲ್ಲಿ, ಹಸುಗೂಸಿನ ಹಾಲಿನ ಡಬ್ಬಿಯ ಮೇಲೆ, ನದಿ ನೀರಿನ ತೀರ್ಪಿನಲ್ಲಿ, ಶಾಸನದ ವಿವರಣೆಯಲ್ಲಿ, ಕಾರು ಓಟದ ವರದಿಯಲ್ಲಿ ಬಂದಾಗ ಪ್ರತಿ ಸಲವೂ ಬೇರೆ ಬೇರೆ ವಸ್ತುವನ್ನು ಸೂಚಿಸುತ್ತದೆ. ಎಲ್ಲೆಡೆಯೂ ಒಂದೇ ಪದವನ್ನು ಒತ್ತಿದರೆ ಕೆಲವೆಡೆ ವಾಕ್ಯ ಮಂಕಾಗುತ್ತದೆ, ಕೆಲವೆಡೆ ಅರ್ಥ ಕೆಡುತ್ತದೆ, ಒಂದೆರಡು ಕಡೆ ಓದಿದವರಿಗೆ ಅಪಾಯವೂ ಆಗಬಹುದು. ಯಾವ ಸಂದರ್ಭದಲ್ಲಿ ಯಾವ ಪದವನ್ನು ಹೇಗೆ ಆರಿಸಬೇಕು ಎಂಬುದನ್ನು ನಾನು ಅನುವಾದದ ಕೆಲಸದಲ್ಲಿ ಅನುಸರಿಸುತ್ತ ಬಂದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲು ‘ಸೂತ್ರ’ದ ಬಲವನ್ನು ಅರಿಯಿರಿ

ಲ್ಯಾಟಿನ್ ಭಾಷೆಯಲ್ಲಿ ‘ಫಾರ್ಮುಲಾ’ ಎಂದರೆ ‘ಚಿಕ್ಕ ಆಕಾರ’. ‘ಫಾರ್ಮಾ’ ಎಂಬ ಪದದ ಕಿರಿದಾದ ರೂಪ. ಪ್ರಾಚೀನ ರೋಮಿನ ನ್ಯಾಯಾಡಳಿತದಲ್ಲಿ ಪ್ರೇಟರ್ ಎಂಬ ಅಧಿಕಾರಿ, ವಿಚಾರಣೆ ನಡೆಸಬೇಕಾದವನಿಗೆ ವ್ಯಾಜ್ಯದ ತಿರುಳನ್ನು ಅಡಕವಾಗಿ ಬರೆದು ಕೊಡುತ್ತಿದ್ದ ಒಕ್ಕಣೆಗೂ ಇದೇ ಹೆಸರಿತ್ತು: ಇಂಥದ್ದು ಸಾಬೀತಾದರೆ ದಂಡ ವಿಧಿಸು, ಆಗದಿದ್ದರೆ ಬಿಟ್ಟುಬಿಡು ಎಂಬ ಧಾಟಿಯ ನಿಗದಿತ ಮಾತು ಅದು. ಅಂದರೆ ಆ ಪದದ ಬೇರಿನಲ್ಲಿ ಲೆಕ್ಕವೂ ಇಲ್ಲ, ರಸಾಯನವೂ ಇಲ್ಲ. ನಿಗದಿಯಾದ ಒಂದು ರೂಪ ಮಾತ್ರ ಇದೆ.

‘ಸೂತ್ರ’ದ ಹುಟ್ಟು ಬೇರೆ. ಅದು ದಾರ. ಮಂಗಳಸೂತ್ರದಲ್ಲಿ, ಸೂತ್ರದ ಗೊಂಬೆಯಲ್ಲಿ, ನಾಟಕದ ಸೂತ್ರಧಾರನಲ್ಲಿ ಇರುವುದು ಆ ದಾರವೇ. ಗಾಳಿಪಟದ ಕಡ್ಡಿಗಳಿಗೆ ಮೊದಲು ಕಟ್ಟುವ ದಾರವನ್ನು ನಮ್ಮ ಮಕ್ಕಳು ಇಂದಿಗೂ ‘ಸೂತ್ರ’ ಎನ್ನುತ್ತಾರೆ. ಆ ಸೂತ್ರ ಒಂದು ಬೆರಳಿನಷ್ಟು ತಪ್ಪಿದರೂ ಪಟ ಏರುವುದಿಲ್ಲ. ಶಾಸ್ತ್ರಗ್ರಂಥಗಳಲ್ಲಿ ‘ಸೂತ್ರ’ ಎಂದರೆ ಅಕ್ಷರ ಕಡಿಮೆ, ಸಂದೇಹಕ್ಕೆ ಎಡೆಯಿಲ್ಲ, ಅನ್ವಯ ಮಾತ್ರ ವಿಶಾಲ ಎಂಬಂತಹ ನಿಯಮವಾಕ್ಯ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಕಟ್ಟಿ ಅವಕ್ಕೆ ತಾನೇ ವೃತ್ತಿ, ಅಂದರೆ ವಿವರಣೆ, ಬರೆದನು. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಅಡಗಿಸಿದನು. ಹೀಗಾಗಿ ಕನ್ನಡದ ಓದುಗನ ಕಿವಿಗೆ ‘ಸೂತ್ರ’ ಎಂಬುದು ಅಡಕವಾದ ನಿಯಮ ಎಂದೂ, ಹಲವನ್ನು ಹಿಡಿದು ನಡೆಸುವ ಎಳೆ ಎಂದೂ ಕೇಳಿಸುತ್ತದೆ. ಕುಡಿಯುವ, ಕಲಸುವ, ಹಚ್ಚುವ ವಸ್ತು ಎಂದು ಅದು ಎಂದೂ ಕೇಳಿಸುವುದಿಲ್ಲ. ಮುಂದೆ ಹೇಳಲಿರುವ ಆಯ್ಕೆಗಳೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಕ್ರಿಯಾಪದವನ್ನು ಹಿಡಿಯಿರಿ

ಮೂಲದ ವಾಕ್ಯದಲ್ಲಿ ‘ಫಾರ್ಮುಲಾ’ ಎಂಬ ನಾಮಪದವನ್ನೇ ದಿಟ್ಟಿಸಿ ನೋಡುತ್ತ ಕುಳಿತರೆ ಉತ್ತರ ಸಿಗುವುದಿಲ್ಲ. ಅದರ ಜೊತೆಗೆ ಬಂದಿರುವ ಕ್ರಿಯಾಪದವನ್ನು ನೋಡಿರಿ. ಅದರ ಅಕ್ಷರಗಳ ಜಾಗದಲ್ಲಿ ಬೆಲೆಗಳನ್ನು ಹಾಕಿ ಉತ್ತರ ತೆಗೆಯುತ್ತಿದ್ದಾರೆಯೆ? ಹಾಗಿದ್ದರೆ ಅದು ಲೆಕ್ಕದ ಸೂತ್ರ. ಅದನ್ನು ಬರೆದು, ಓದಿ, ಒಂದು ವಸ್ತುವಿನಲ್ಲಿ ಏನೇನು ಇದೆ ಎಂದು ತಿಳಿಯುತ್ತಿದ್ದಾರೆಯೆ? ಅದು ರಚನೆಯನ್ನು ಹೇಳುವ ಸೂತ್ರ. ಅದರಂತೆ ಕಲಸುತ್ತ, ಅರೆಯುತ್ತ, ಕುದಿಸುತ್ತ ಇದ್ದರೆ ಅದು ತಯಾರಿಕೆಯ ಪ್ರಮಾಣ. ಕುಡಿಸುತ್ತಿದ್ದರೆ ಅದು ಹಾಲು. ಇಬ್ಬರು ಕುಳಿತು ಅದನ್ನು ಒಪ್ಪುತ್ತಿದ್ದರೆ ಅಥವಾ ತಿರಸ್ಕರಿಸುತ್ತಿದ್ದರೆ ಅದು ಹಂಚಿಕೆಯ ಇಲ್ಲವೆ ಸಂಧಾನದ ಕ್ರಮ. ಬಾಯಿಪಾಠದಂತೆ ಉಚ್ಚರಿಸುತ್ತಿದ್ದರೆ ಅಥವಾ ಕಲ್ಲಿನ ಮೇಲೆ ಮತ್ತೆ ಮತ್ತೆ ಕೆತ್ತಿಸುತ್ತಿದ್ದರೆ ಅದು ಕಟ್ಟುನುಡಿ.

ಕ್ರಿಯಾಪದ ಕೈಕೊಡುವ ಸಂದರ್ಭಗಳೂ ಇವೆ. ‘ಹೊಸ ಫಾರ್ಮುಲಾ ಸಿದ್ಧವಾಗಿದೆ’ ಎಂಬ ವಾಕ್ಯ ಮೇಲಿನ ಯಾವುದಕ್ಕೆ ಬೇಕಾದರೂ ಹೊಂದುತ್ತದೆ. ಆಗ ಆ ವಾಕ್ಯವನ್ನು ಅಲ್ಲಿಯೇ ಬಿಟ್ಟು ಇಡೀ ಪರಿಚ್ಛೇದವನ್ನು ಓದಿ, ‘ಇದು ತಪ್ಪಿದರೆ ಏನು ಕೆಡುತ್ತದೆ?’ ಎಂದು ಕೇಳಿಕೊಳ್ಳಬೇಕು. ಉತ್ತರ ಕೆಡುತ್ತದೆಯೆ, ಬಣ್ಣ ಕೆಡುತ್ತದೆಯೆ, ಮಗುವಿನ ಆರೋಗ್ಯ ಕೆಡುತ್ತದೆಯೆ, ಒಪ್ಪಂದ ಮುರಿಯುತ್ತದೆಯೆ ಎಂಬುದು ಸ್ಪಷ್ಟವಾದ ಮೇಲೆ ಪದವನ್ನು ಹುಡುಕುವ ಕೆಲಸ ಹಗುರವಾಗುತ್ತದೆ.

ಲೆಕ್ಕದ ಸೂತ್ರ

ಇಲ್ಲಿ ‘ಸೂತ್ರ’ ತನ್ನ ಮನೆಯಲ್ಲಿಯೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದಾಗ ಲೆಕ್ಕ ಮಾಡುವ ನಿಯಮಗಳಿಗೆ ಕೊಟ್ಟ ಹೆಸರು ‘ಕರಣಸೂತ್ರ’. ಕರಣ ಎಂದರೆ ಮಾಡುವುದು; ಮಾಡುವ ಬಗೆಯನ್ನು ಹೇಳುವ ಸೂತ್ರವೇ ಕರಣಸೂತ್ರ. ನಮ್ಮ ಶಾಲೆಯ ಪುಸ್ತಕಗಳು ಈ ಚೆಲುವಾದ ಪದವನ್ನು ಬಿಟ್ಟು ಬರಿಯ ‘ಸೂತ್ರ’ವನ್ನು ಉಳಿಸಿಕೊಂಡಿವೆ, ಅದರಿಂದ ಹೆಚ್ಚಿನ ನಷ್ಟವೇನೂ ಆಗಿಲ್ಲ, ಆದರೆ ಅರ್ಥ ವಿವರಿಸುವಾಗ ಶಿಕ್ಷಕರು ಅದನ್ನು ನೆನಪಿಸಿದರೆ ಮಕ್ಕಳಿಗೆ ಉಪಕಾರವಾಗುತ್ತದೆ.

ಎಚ್ಚರ ಬೇಕಾದುದು ನೆರೆಯ ಪದಗಳ ವಿಷಯದಲ್ಲಿ. ಸೂತ್ರ, ಸಮೀಕರಣ, ನಿತ್ಯಸಮೀಕರಣ, ಪ್ರಮೇಯ, ನಿಯಮ ಇವು ಐದೂ ಬೇರೆ ಬೇರೆ. ಒಂದು ಸಂಖ್ಯೆಗೆ 5 ಕೂಡಿಸಿದರೆ 9 ಎಂಬುದು ಸಮೀಕರಣ. ಅದು ಆ ಸಂಖ್ಯೆ 4 ಆಗಿದ್ದಾಗ ಮಾತ್ರ ನಿಜ. ಎರಡು ಸಂಖ್ಯೆಗಳ ಮೊತ್ತದ ವರ್ಗವನ್ನು ವಿಸ್ತರಿಸಿ ಬರೆಯುವುದು ನಿತ್ಯಸಮೀಕರಣ. ಅದು ಯಾವ ಸಂಖ್ಯೆಗಳನ್ನು ಹಾಕಿದರೂ ನಿಜ. ಅಸಲು, ದರ, ಕಾಲ ಈ ಮೂರನ್ನು ಗುಣಿಸಿ 100ರಿಂದ ಭಾಗಿಸಿದರೆ ಸರಳಬಡ್ಡಿ ಸಿಗುತ್ತದೆ ಎಂಬುದು ಸೂತ್ರ. ತಿಳಿದವುಗಳಿಂದ ತಿಳಿಯದುದಕ್ಕೆ ಹೋಗುವ ದಾರಿಯನ್ನು ಅದು ತೋರಿಸುತ್ತದೆ. ಪೈಥಾಗೊರಸ್ ಹೆಸರಿನಲ್ಲಿರುವುದು ಪ್ರಮೇಯ, ಅದಕ್ಕೆ ಸಾಧನೆ ಬೇಕು. ಓಮ್‌ ಹೆಸರಿನಲ್ಲಿರುವುದು ನಿಯಮ, ಅದಕ್ಕೆ ಪ್ರಯೋಗ ಬೇಕು. ತರಗತಿಯಲ್ಲಿ ಇವೆಲ್ಲವನ್ನೂ ‘ಫಾರ್ಮುಲಾ’ ಎಂದೇ ಕರೆದು ಮಕ್ಕಳಿಂದ ಬಾಯಿಪಾಠ ಮಾಡಿಸುವ ರೂಢಿ ಬಲವಾಗಿದೆ. ಬರೆಯುವವರು ಅದಕ್ಕೆ ಮಣಿಯಬಾರದು. ಏಕೆಂದರೆ ಯಾವುದನ್ನು ಸಾಧಿಸಬೇಕು, ಯಾವುದನ್ನು ಬಿಡಿಸಬೇಕು, ಯಾವುದನ್ನು ಬಳಸಬೇಕು ಎಂಬ ವ್ಯತ್ಯಾಸವೇ ಗಣಿತದ ಅರ್ಧ ತಿಳಿವಳಿಕೆ.

ಸೂತ್ರವನ್ನು ಕನ್ನಡದಲ್ಲಿ ಕಾಣಿಸುವಾಗ ಅಕ್ಷರಗಳ ಸಾಲಿಗಿಂತ ಮೊದಲು ಅದನ್ನು ಒಂದು ಪೂರ್ಣ ವಾಕ್ಯವಾಗಿ ಬರೆಯಿರಿ. ಬ್ರಹ್ಮಗುಪ್ತನು 628ರಲ್ಲಿ ವರ್ಗಸಮೀಕರಣವನ್ನು ಬಿಡಿಸುವ ಬಗೆಯನ್ನು ಹೇಳಿದ್ದು ಮಾತಿನಲ್ಲಿಯೇ. ‘ತ್ರಿಜ್ಯದ ವರ್ಗವನ್ನು ಪೈನಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ’ ಎಂದು ಒಮ್ಮೆ ಓದಿದವರಿಗೆ ಚಿಹ್ನೆಗಳ ಸಾಲು ಆಮೇಲೆ ಹೊರೆಯಾಗುವುದಿಲ್ಲ.

ಗಣಕದ ಲೆಕ್ಕಹಾಳೆಗಳಲ್ಲಿಯೂ ಇದೇ ಅರ್ಥವಿರುವುದರಿಂದ ಅಲ್ಲಿ ‘ಸೂತ್ರ’ವನ್ನು ನಿಸ್ಸಂಕೋಚವಾಗಿ ಬಳಸಬಹುದು. 1979ರಲ್ಲಿ ಬಂದ ವಿಸಿಕ್ಯಾಲ್ಕ್‌ನಿಂದ ಇಂದಿನ ಎಕ್ಸೆಲ್‌ವರೆಗೆ, ಒಂದು ಚೌಕದ ಬೆಲೆ ಬೇರೆ ಚೌಕಗಳ ಬೆಲೆಯಿಂದ ತಾನಾಗಿ ಮೂಡುವಂತೆ ಮಾಡುವುದೇ ಅದರ ಕೆಲಸ. ಎಕ್ಸೆಲ್‌ನಲ್ಲಿ ಸಮಚಿಹ್ನೆಯಿಂದ ಆರಂಭವಾಗುವ ಇಡೀ ಸಾಲು ಸೂತ್ರ. ಅದರೊಳಗೆ ಬರುವ, ಮೊತ್ತ ಅಥವಾ ಸರಾಸರಿಯನ್ನು ತೆಗೆಯುವ ಸಿದ್ಧ ಸಾಧನ ಫಂಕ್ಷನ್. ಕೈಪಿಡಿ ಬರೆಯುವವರು ಇವೆರಡನ್ನೂ ‘ಸೂತ್ರ’ ಎಂದು ಕರೆದರೆ ಕಲಿಯುವವರು ಮೊದಲ ಪಾಠದಲ್ಲಿಯೇ ಎಡವುತ್ತಾರೆ.

ರಚನೆಯನ್ನು ಹೇಳುವ ಸೂತ್ರ

ರಸಾಯನಶಾಸ್ತ್ರದ ಸೂತ್ರ ಯಾವ ಲೆಕ್ಕವನ್ನೂ ಮಾಡಲು ಹೇಳುವುದಿಲ್ಲ. ಅದು ಒಂದು ಚಿತ್ರ. 19ನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಬರ್ಜೆಲಿಯಸ್ ಧಾತುಗಳಿಗೆ ಅಕ್ಷರಗಳ ಸಂಕೇತವನ್ನು ರೂಢಿಗೆ ತಂದ ಮೇಲೆ ಈ ಬರವಣಿಗೆ ನೆಲೆಗೊಂಡಿತು. ‘ರಾಸಾಯನಿಕ ಸೂತ್ರ’ ಎಂಬ ಕನ್ನಡ ಪದ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ, ಅದನ್ನು ಬದಲಿಸಬೇಕಾಗಿಲ್ಲ. ಮೂಲದ ಲೇಖಕರು ಯಾವ ಬಗೆಯ ಸೂತ್ರವನ್ನು ಉದ್ದೇಶಿಸಿದ್ದಾರೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು. ಧಾತುಗಳ ಅತಿ ಸರಳ ಅನುಪಾತವನ್ನಷ್ಟೇ ಹೇಳುವ ಸೂತ್ರ ಒಂದು, ಅಣುವಿನಲ್ಲಿರುವ ಪರಮಾಣುಗಳ ನಿಜವಾದ ಎಣಿಕೆಯನ್ನು ಹೇಳುವ ಅಣುಸೂತ್ರ ಇನ್ನೊಂದು, ಅವು ಹೇಗೆ ಜೋಡಿಸಿಕೊಂಡಿವೆ ಎಂದು ತೋರಿಸುವ ರಚನಾಸೂತ್ರ ಮತ್ತೊಂದು.

ಈ ಭೇದ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಅಸಿಟಿಕ್ ಆಮ್ಲ, ಗ್ಲುಕೋಸ್, ಫಾರ್ಮಾಲ್ಡಿಹೈಡ್ ಈ ಮೂರರ ಸರಳ ಅನುಪಾತ ಒಂದೇ: ಇಂಗಾಲ 1, ಜಲಜನಕ 2, ಆಮ್ಲಜನಕ 1. ಒಂದು ವಿನೆಗರಿನ ಹುಳಿ, ಒಂದು ರಕ್ತದಲ್ಲಿ ಹರಿಯುವ ಸಕ್ಕರೆ, ಒಂದು ಶವವನ್ನು ಕೆಡದಂತೆ ಇಡುವ ದ್ರಾವಣದಲ್ಲಿರುವ ವಿಷ. ಅಣುಸೂತ್ರವೂ ಕೆಲವೊಮ್ಮೆ ಸಾಲುವುದಿಲ್ಲ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರಲ್ಲಿಯೂ ಇಂಗಾಲ 2, ಜಲಜನಕ 6, ಆಮ್ಲಜನಕ 1. ಆದರೆ ಮೊದಲನೆಯದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ, ಎರಡನೆಯದು ಕೋಣೆಯ ಉಷ್ಣತೆಯಲ್ಲಿ ಅನಿಲ. ಆದ್ದರಿಂದ ‘ಇವೆರಡರ ಸೂತ್ರ ಒಂದೇ’ ಎಂದು ಬರೆದು ನಿಲ್ಲಿಸಬಾರದು. ‘ಅಣುಸೂತ್ರ ಒಂದೇ, ರಚನಾಸೂತ್ರ ಬೇರೆ’ ಎಂದೇ ಬರೆಯಬೇಕು.

ಜೀವಶಾಸ್ತ್ರದಲ್ಲಿ ಹೂವಿನ ಭಾಗಗಳನ್ನು ಹೇಳುವ ಪುಷ್ಪಸೂತ್ರ ಮತ್ತು ಹಲ್ಲುಗಳನ್ನು ಹೇಳುವ ದಂತಸೂತ್ರಗಳೂ ಈ ಜಾತಿಯವೇ. ಮನುಷ್ಯನ ದವಡೆಯ ಒಂದು ಪಕ್ಕದಲ್ಲಿ, ಮೇಲೂ ಕೆಳಗೂ, ಬಾಚಿಹಲ್ಲು 2, ಕೋರೆಹಲ್ಲು 1, ಮುಂದವಡೆ ಹಲ್ಲು 2, ದವಡೆಹಲ್ಲು 3. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಕೆಳಗೆ ಮಾತ್ರ ಒಂದು ಪಕ್ಕಕ್ಕೆ 4 ಇವೆ. ಮುಂದವಡೆ ಹಲ್ಲು ಮತ್ತು ದವಡೆಹಲ್ಲು ಮೇಲೂ ಕೆಳಗೂ ಒಂದು ಪಕ್ಕಕ್ಕೆ ಮೂರು ಮತ್ತು ಮೂರು. ಎಣಿಸಿ ನೋಡಿದರೆ ಮನುಷ್ಯನಿಗೂ 32, ಹಸುವಿಗೂ 32. ಮೊತ್ತ ಒಂದೇ ಆದರೂ ಸೂತ್ರ ಬೇರೆ ಎಂಬುದನ್ನು ಹಟ್ಟಿಯ ಹಸುವಿನ ಬಾಯಿ ತೋರಿಸಿ ಹೇಳಿದರೆ, ಇಲ್ಲಿ ಸೂತ್ರ ಎಂದರೆ ಲೆಕ್ಕವಲ್ಲ, ವಿವರಣೆ ಎಂಬುದು ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ.

ತಯಾರಿಸುವಾಗ

ಬಣ್ಣ, ಶಾಯಿ, ಔಷಧ, ಗೊಬ್ಬರ, ಸಾಬೂನುಗಳ ಮಾತು ಬಂದಾಗ ‘ಸೂತ್ರ’ ಸಡಿಲವಾಗತೊಡಗುತ್ತದೆ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಂಪನಿ ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತದೆ. ಆ ಶಾಯಿಯನ್ನು ರೂಪಿಸಿದ್ದು ರಾಷ್ಟ್ರೀಯ ಭೌತ ಪ್ರಯೋಗಾಲಯ. 1962ರ ಸಾರ್ವತ್ರಿಕ ಚುನಾವಣೆಯಿಂದ ಅದು ಬಳಕೆಯಲ್ಲಿದೆ. ಅದರಲ್ಲಿ ಬೆಳ್ಳಿಯ ನೈಟ್ರೇಟ್ ಇದೆ ಎಂಬುದು ಎಲ್ಲರಿಗೂ ಗೊತ್ತು; ಯಾವುದು ಎಷ್ಟು, ಯಾವ ಕ್ರಮದಲ್ಲಿ ಎಂಬುದು ಮಾತ್ರ ಗುಟ್ಟು. ಇಲ್ಲಿ ‘ಶಾಯಿಯ ರಾಸಾಯನಿಕ ಸೂತ್ರ ಗುಟ್ಟಾಗಿದೆ’ ಎಂದು ಬರೆದರೆ ತಪ್ಪಾಗುತ್ತದೆ, ಏಕೆಂದರೆ ಶಾಯಿ ಒಂದೇ ರಾಸಾಯನಿಕವಲ್ಲ, ಮಿಶ್ರಣ. ‘ಶಾಯಿಯ ಮಿಶ್ರಣದ ಗುಟ್ಟು’ ಅಥವಾ ‘ತಯಾರಿಕೆಯ ವಿಧಾನ’ ಎಂಬುದೇ ಸರಿ.

ಆಯುರ್ವೇದಕ್ಕೆ ತನ್ನದೇ ಪದವಿದೆ: ಯೋಗ. ಹಲವು ದ್ರವ್ಯಗಳನ್ನು ನಿಗದಿತ ಪ್ರಮಾಣದಲ್ಲಿ ಕೂಡಿಸುವುದೇ ಯೋಗ. ಅಳಲೆ, ತಾರೆ, ನೆಲ್ಲಿ ಕೂಡಿದರೆ ತ್ರಿಫಲಾ. ಶುಂಠಿ, ಮೆಣಸು, ಹಿಪ್ಪಲಿ ಕೂಡಿದರೆ ತ್ರಿಕಟು. ವೈದ್ಯಗ್ರಂಥಗಳ ಅನುವಾದದಲ್ಲಿ ‘ಸೂತ್ರ’ ಎಂದರೆ ಗೊಂದಲವೇ ಆದೀತು, ಏಕೆಂದರೆ ಚರಕಸಂಹಿತೆಯಲ್ಲಿ ‘ಸೂತ್ರಸ್ಥಾನ’ ಎಂಬ ಭಾಗವೇ ಇದೆ, ಅದರ ಅರ್ಥ ಬೇರೆ. ಔಷಧಗಳ ‘ಫಾರ್ಮ್ಯುಲರಿ’ಯನ್ನು, ಅಂದರೆ ಇಂತಹ ಔಷಧಗಳನ್ನು ಪಟ್ಟಿಮಾಡಿದ ಪುಸ್ತಕವನ್ನು, ಆಯುರ್ವೇದದ ಸಂದರ್ಭದಲ್ಲಿ ‘ಯೋಗಸಂಗ್ರಹ’ ಎನ್ನುವುದು ನನಗೆ ಹೆಚ್ಚು ಹಿತವೆನಿಸುತ್ತದೆ. ಆಧುನಿಕ ವೈದ್ಯದಲ್ಲಾದರೆ ಔಷಧದ ‘ಫಾರ್ಮುಲಾ’ಕ್ಕೆ ‘ಔಷಧದ ಸಂಯೋಜನೆ’ ಎಂಬುದು ತಿಳಿಯುವಂತಹ ಮಾತು.

ರೈತರಿಗೂ ಗಾರೆಯವರಿಗೂ ಬರೆಯುವಾಗ ಈ ಯಾವ ಪದವೂ ಬೇಡ. ಗೊಬ್ಬರದ ಚೀಲದ ಮೇಲೆ 10:26:26 ಎಂದಿದ್ದರೆ 50 ಕಿಲೋ ಚೀಲದಲ್ಲಿ ಸಾರಜನಕ 5 ಕಿಲೋ, ರಂಜಕದ ಅಂಶ 13 ಕಿಲೋ, ಪೊಟ್ಯಾಷ್‌ ಅಂಶ 13 ಕಿಲೋ ಇರುತ್ತದೆ ಎಂದು ನೇರವಾಗಿ ಹೇಳಿದರೆ ಸಾಕು. ಕಾಂಕ್ರೀಟಿಗೆ ಮೇಸ್ತ್ರಿ ‘ಒಂದಕ್ಕೆ ಎರಡು ನಾಲ್ಕು’ ಎಂದರೆ ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಅವನ ಮಾತಿನಲ್ಲಿಯೇ ಪ್ರಮಾಣ ಇದೆ. ಅದರ ಮೇಲೆ ‘ಸೂತ್ರ’ ಎಂಬ ಹೊದಿಕೆ ಹೊದಿಸಿದರೆ ಹೇಳಿದ್ದು ದೂರವಾಗುತ್ತದೆ.

ಕೂಸಿನ ಹಾಲಿನ ವಿಷಯದಲ್ಲಿ ಆತುರ ಬೇಡ

ಈ ಬರಹವನ್ನು ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರಿಸಿದ್ದು ಈ ಭಾಗ. ಒಮ್ಮೆ ಬಾಣಂತಿಯರಿಗಾಗಿ ಸಿದ್ಧವಾದ ಕರಪತ್ರವೊಂದು ತಿದ್ದಲು ನನ್ನ ಕೈಗೆ ಬಂದಿತ್ತು. ಅದರಲ್ಲಿ ‘ಎದೆಹಾಲು ಸಾಲದಿದ್ದರೆ ವೈದ್ಯರ ಸಲಹೆಯ ಮೇರೆಗೆ ಸೂತ್ರವನ್ನು ನೀಡಿ’ ಎಂದಿತ್ತು. ಅದನ್ನು ಓದಿದ ತಾಯಿ ಏನನ್ನು ತಿಳಿಯಬೇಕು? ಮಂತ್ರಿಸಿದ ದಾರವನ್ನು ಕಟ್ಟಬೇಕು ಎಂದುಕೊಂಡರೆ ಆಕೆಯ ತಪ್ಪೇನೂ ಇಲ್ಲ. ಹೆರಿಗೆಯಾದ ಮನೆಯಲ್ಲಿ ದಾರ ಕಟ್ಟುವುದು ನಮ್ಮಲ್ಲಿ ಅಪರೂಪವಲ್ಲ.

ಇಂಗ್ಲಿಷಿನಲ್ಲಿ ಆ ಒಂದೇ ಪದ ಡಬ್ಬಿಯಲ್ಲಿರುವ ಪುಡಿಯನ್ನೂ ನೀರಿನಲ್ಲಿ ಬೆರೆಸಿದ ಮೇಲಿನ ಹಾಲನ್ನೂ ಹೇಳುತ್ತದೆ. ಕನ್ನಡದಲ್ಲಿ ಇವೆರಡನ್ನೂ ಬೇರ್ಪಡಿಸಲೇಬೇಕು. ‘ಮೊದಲು ಅಳತೆಯ ನೀರನ್ನು ಬಾಟಲಿಗೆ ಹಾಕಿ, ಆಮೇಲೆ ಪುಡಿಯನ್ನು ಸೇರಿಸಿ, ಕಲಸಿದ ಹಾಲು ಉಳಿದರೆ ಚೆಲ್ಲಿ’ ಎಂಬಲ್ಲಿ ಪುಡಿ ಯಾವುದು, ಹಾಲು ಯಾವುದು ಎಂಬುದು ಕಣ್ಣಿಗೆ ಕಾಣುವಂತಿರಬೇಕು. ಅದೇ ವೇಳೆ ಬರಿಯ ‘ಹಾಲಿನ ಪುಡಿ’ ಎಂದೂ ಬರೆಯಬಾರದು. ಅಂಗಡಿಯಲ್ಲಿ ಆ ಹೆಸರಿಗೆ ಸಿಗುವುದು ಕಾಫಿ, ಚಹಾಕ್ಕೆ ಬೆರೆಸುವ ಪುಡಿ. ಹಸುಗೂಸಿಗೆ ಅದು ಆಹಾರವಲ್ಲ. ಜನ ಆಡುವ ‘ಡಬ್ಬಿ ಹಾಲು’ ಎಂಬ ಮಾತು ಸಂಭಾಷಣೆಯಲ್ಲಿ ಚೆನ್ನಾಗಿದೆ, ಆದರೆ ಅದೂ ಕಾಫಿಯ ಡಬ್ಬಿಯನ್ನೇ ನೆನಪಿಸಬಹುದು.

‘ಶಿಶು ಆಹಾರ’ ಎಂದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ತಾಯಿಹಾಲಿನ ಬದಲಿಗಳು ಮತ್ತು ಶಿಶು ಆಹಾರಗಳನ್ನು ಕುರಿತ ಭಾರತದ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ವ್ಯಾಖ್ಯಾನಿಸುತ್ತವೆ: ತಾಯಿಹಾಲಿನ ಬದಲಿಗೆ ಭಾಗಶಃ ಅಥವಾ ಪೂರ್ತಿಯಾಗಿ ಕೊಡುವಂಥದ್ದು ಒಂದು, ಆರು ತಿಂಗಳಾದ ಮೇಲೆ ತಾಯಿಹಾಲಿನ ಜೊತೆಗೆ ಪೂರಕವಾಗಿ ಕೊಡುವ ಆಹಾರ ಇನ್ನೊಂದು. ಎರಡನೆಯದಕ್ಕೆ ‘ಶಿಶು ಆಹಾರ’ ಒಪ್ಪುತ್ತದೆ. ಮೊದಲನೆಯದಕ್ಕೆ ನಾನು ‘ತಾಯಿಹಾಲಿನ ಬದಲಿ ಪುಡಿ’ ಎಂದೂ, ಕಲಸಿದ ಮೇಲೆ ‘ಬದಲಿ ಹಾಲು’ ಎಂದೂ ಬರೆಯುತ್ತೇನೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಮೂರು ತಿಂಗಳ ಕೂಸಿಗೆ ಏಕದಳ ಧಾನ್ಯದ ಪುಡಿಯನ್ನು ಕಲಸಿ ತಿನ್ನಿಸುವ ಅಪಾಯವಿದೆ. ಇಂತಹ ಬರಹವನ್ನು ಅಚ್ಚಿಗೆ ಕೊಡುವ ಮೊದಲು, ಇಂಗ್ಲಿಷ್ ಬಾರದ ಒಬ್ಬ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ, ಆಕೆ ಏನು ಮಾಡುವುದಾಗಿ ಹೇಳುತ್ತಾರೆ ಎಂದು ಕೇಳಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ.

ಹಂಚಿಕೆ ಮತ್ತು ಒಪ್ಪಂದ

ಆಡಳಿತ ಮತ್ತು ರಾಜಕಾರಣದಲ್ಲಿ ‘ಸೂತ್ರ’ ಮತ್ತೆ ಗಟ್ಟಿಯಾಗುತ್ತದೆ. ‘ತ್ರಿಭಾಷಾ ಸೂತ್ರ’ 1968ರ ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ ಬಂದು ಎಲ್ಲರ ಬಾಯಲ್ಲಿ ನಿಂತಿದೆ. ಇಲ್ಲಿ ಲೆಕ್ಕವೂ ಇಲ್ಲ, ರಚನೆಯೂ ಇಲ್ಲ. ಹಲವು ಪಕ್ಷಗಳು ಒಪ್ಪಬಹುದು ಎಂದು ಮುಂದಿಟ್ಟ ವ್ಯವಸ್ಥೆ ಇದೆ. ರೂಢಿಗೆ ಬಂದುದನ್ನು ಬದಲಿಸದೆ ಹಾಗೆಯೇ ಬಳಸಿರಿ. ‘ಸಂಧಾನ ಸೂತ್ರ’ಕ್ಕೂ ಇದೇ ಮಾತು.

ಆದರೆ ಕೆಲವು ಸೂತ್ರಗಳಲ್ಲಿ ಒಪ್ಪಂದ ಮತ್ತು ಲೆಕ್ಕ ಎರಡೂ ಬೆರೆತಿರುತ್ತವೆ, ಅಲ್ಲಿ ಬರೆಯುವವರ ಹೊಣೆ ಹೆಚ್ಚು. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚಲು 15ನೆಯ ಹಣಕಾಸು ಆಯೋಗ ಕೊಟ್ಟ ಹಂಚಿಕೆ ಸೂತ್ರವನ್ನು ನೋಡಿ. ತಲಾ ಆದಾಯದ ಅಂತರಕ್ಕೆ ಶೇ. 45, 2011ರ ಜನಸಂಖ್ಯೆಗೆ ಶೇ. 15, ವಿಸ್ತೀರ್ಣಕ್ಕೆ ಶೇ. 15, ಜನಸಂಖ್ಯಾ ನಿಯಂತ್ರಣದ ಸಾಧನೆಗೆ ಶೇ. 12.5, ಅರಣ್ಯ ಮತ್ತು ಪರಿಸರಕ್ಕೆ ಶೇ. 10, ತೆರಿಗೆ ಸಂಗ್ರಹದ ಪ್ರಯತ್ನಕ್ಕೆ ಶೇ. 2.5 ಎಂದು ತೂಕ ಕೊಡಲಾಯಿತು. 14ನೆಯ ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು ಶೇ. 3.647ಕ್ಕೆ ಇಳಿಯಿತು. ‘ಸೂತ್ರದಿಂದ ರಾಜ್ಯಕ್ಕೆ ನಷ್ಟ’ ಎಂದಷ್ಟೇ ಬರೆದರೆ ಓದುಗನಿಗೆ ಏನೂ ದಕ್ಕುವುದಿಲ್ಲ. ಮಾನದಂಡ ಯಾವುದು, ಅದಕ್ಕೆ ಕೊಟ್ಟ ತೂಕ ಎಷ್ಟು ಎಂದು ಎರಡನ್ನೂ ಬಿಡಿಸಿ ಹೇಳಿದಾಗಲೇ, ತಲಾ ಆದಾಯ ಹೆಚ್ಚಿರುವ ರಾಜ್ಯದ ಪಾಲನ್ನು ಯಾವ ಅಂಶ ಕೆಳಗೆಳೆಯುತ್ತದೆ ಎಂಬುದು ಕಾಣುತ್ತದೆ.

ಕಾವೇರಿಯ ‘ಸಂಕಷ್ಟ ಸೂತ್ರ’ ಇನ್ನೂ ಸೂಕ್ಷ್ಮ. ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ಅಡಿ ನೀರನ್ನು ಆಧಾರವಾಗಿಟ್ಟುಕೊಂಡು ಕರ್ನಾಟಕಕ್ಕೆ 270 ಟಿಎಂಸಿ ಅಡಿ ಕೊಟ್ಟಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು 284.75ಕ್ಕೆ ಏರಿಸಿತು. ನದಿಯಲ್ಲಿ ನೀರು ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕು ಎಂಬುದು ತೀರ್ಪಿನ ತತ್ವ. ಆ ತತ್ವದಂತೆ, ನೀರು ಮುಕ್ಕಾಲು ಪಾಲು ಮಾತ್ರ ಬಂದರೆ ಕರ್ನಾಟಕದ ಪಾಲು ಸುಮಾರು 213.5 ಟಿಎಂಸಿ ಅಡಿಗೆ ಇಳಿಯುತ್ತದೆ. ಲೆಕ್ಕ ಇಷ್ಟು ಸರಳ. ಕೊರತೆಯನ್ನು ಯಾವ ತಿಂಗಳಿನಲ್ಲಿ, ಎಲ್ಲಿಯ ಒಳಹರಿವನ್ನು ನೋಡಿ ಅಳೆಯಬೇಕು ಎಂಬ ಪ್ರಶ್ನೆ ಮಾತ್ರ ಸರಳವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಂಡ್ಯದ ರಸ್ತೆಗಳಲ್ಲಿ ಜನ ಕೂರುವುದು ಆ ಪ್ರಶ್ನೆಗಾಗಿ. ಆದ್ದರಿಂದ ಈ ವಿಷಯವನ್ನು ಬರೆಯುವಾಗ ‘ಸಂಕಷ್ಟ ಸೂತ್ರದ ತತ್ವ’ ಎಂದೂ ‘ಸಂಕಷ್ಟವನ್ನು ಅಳೆಯುವ ವಿಧಾನ’ ಎಂದೂ ಎರಡು ಬೇರೆ ಮಾತುಗಳನ್ನು ಬಳಸಿರಿ. ಒಂದೇ ‘ಸೂತ್ರ’ದಲ್ಲಿ ಎರಡನ್ನೂ ಮುಚ್ಚಿದರೆ, ತತ್ವ ಇದ್ದೂ ವಿವಾದ ಏಕೆ ಮುಗಿಯಲಿಲ್ಲ ಎಂಬುದು ಓದುಗನಿಗೆ ಎಂದಿಗೂ ತಿಳಿಯುವುದಿಲ್ಲ.

ಕಟ್ಟುನುಡಿ

ಶಾಸನ, ಜನಪದ ಕಾವ್ಯ, ಪೂಜಾವಿಧಿಗಳ ಅಧ್ಯಯನದಲ್ಲಿ ಈ ಪದ ಮತ್ತೆ ಮತ್ತೆ ಬರುವ ನಿಗದಿತ ಮಾತನ್ನು ಸೂಚಿಸುತ್ತದೆ. ಕಲ್ಯಾಣ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಎಂದು ಆರಂಭವಾಗಿ ‘ಆಚಂದ್ರಾರ್ಕತಾರಂ ಸಲುತ್ತಮಿರೆ’ ಎಂದು ಮುಗಿಯುವ ಸಾಲು ಬಾಯಿಗೆ ಬರುತ್ತದೆ. ಕಲ್ಲಿನ ಒಂದು ಅಂಚು ಒಡೆದಿದ್ದರೂ ಕಳೆದುಹೋದ ಅಕ್ಷರಗಳನ್ನು ವಿದ್ವಾಂಸರು ತುಂಬಲು ಸಾಧ್ಯವಾಗುವುದು ಈ ಮಾತು ನಿಗದಿಯಾಗಿರುವುದರಿಂದಲೇ. ಇಲ್ಲಿ ‘ಸೂತ್ರ’ ಎನ್ನಬೇಡಿ. ಬಿರುದಿನ ಸಾಲಿಗೆ ‘ಪ್ರಶಸ್ತಿ’, ದಾನವನ್ನು ಕೆಡಿಸಿದವರಿಗೆ ಪಾಪ ತಟ್ಟುತ್ತದೆ ಎನ್ನುವ ಕೊನೆಯ ಶ್ಲೋಕಗಳಿಗೆ ‘ಶಾಪಾಶಯ’ ಎಂದು ಶಾಸನತಜ್ಞರಲ್ಲಿ ಪದಗಳು ಆಗಲೇ ಇವೆ.

ಮೌಖಿಕ ಕಾವ್ಯದ ವಿಷಯದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಹೋಮರನ ಕಾವ್ಯಗಳನ್ನು ಶೋಧಿಸುತ್ತ ಈ ಪರಿಕಲ್ಪನೆಯನ್ನು ಬೆಳೆಸಿದನು: ಒಂದೇ ಛಂದಸ್ಸಿನ ಅಳತೆಗೆ ಹೊಂದುವ, ಒಂದೇ ಭಾವಕ್ಕೆ ಸದಾ ಒದಗುವ ಪದಗುಚ್ಛ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ‘ಸಿರಿ’ ಮಹಾಕಾವ್ಯವನ್ನು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು ದಾಖಲಿಸಿದಾಗ 15,683 ಸಾಲುಗಳಾದವು. ಅಷ್ಟನ್ನು ಪುಸ್ತಕವಿಲ್ಲದೆ ಹಾಡುವವರ ಬಳಿ ಇಂತಹ ಸಿದ್ಧ ಘಟಕಗಳು ಇರಲೇಬೇಕು. ಈ ಸಂದರ್ಭಕ್ಕೆ ‘ಕಟ್ಟುನುಡಿ’ ಎಂಬುದನ್ನು ನಾನು ಬಳಸುತ್ತೇನೆ. ‘ಸವಕಲು ಮಾತು’ ಎಂದು ಎಂದಿಗೂ ಬರೆಯಬಾರದು. ಹಾಡುಗಾರರಿಗೆ ಅದು ಸಾಮರ್ಥ್ಯ, ಕೊರತೆಯಲ್ಲ. ಸಿನಿಮಾ ವಿಮರ್ಶೆಯಲ್ಲಾದರೆ ನಿಂದೆಯ ಅರ್ಥವೇ ಮುಖ್ಯವಾದ್ದರಿಂದ ‘ಸಿದ್ಧಸೂತ್ರದ ಚಿತ್ರ’ ಎಂಬುದು ಸಾಕಾಗುತ್ತದೆ.

ಹೆಸರಾಗಿ ನಿಂತದ್ದನ್ನು ಮುಟ್ಟಬೇಡಿ

‘ಫಾರ್ಮುಲಾ ಒನ್’ ಒಂದು ಅಂಕಿತನಾಮ, ಹಾಗೆಯೇ ಬರೆಯಬೇಕು. ಅಲ್ಲಿ ಫಾರ್ಮುಲಾ ಎಂದರೆ ಕಾರು ಪಾಲಿಸಬೇಕಾದ ನಿಯಮಾವಳಿ ಎಂದು ಒಮ್ಮೆ ವಿವರಿಸಿದರೆ ಸಾಕು. ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಓಟ 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆದಾಗ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ 1.5 ಲೀಟರ್, ಇಲ್ಲದಿದ್ದರೆ 4.5 ಲೀಟರ್ ಎಂಬ ಎಂಜಿನ್‌ ಮಿತಿಯೇ ಆ ನಿಯಮಾವಳಿಯ ತಿರುಳಾಗಿತ್ತು.

ಇದೇ ಬೇರಿನ ಕ್ರಿಯಾಪದವೂ ತೊಂದರೆ ಕೊಡುತ್ತದೆ. ನೀತಿಯನ್ನು ‘ರೂಪಿಸುತ್ತಾರೆ’, ಪ್ರಶ್ನೆಯನ್ನು ‘ಸ್ಪಷ್ಟವಾಗಿ ಮಂಡಿಸುತ್ತಾರೆ’, ಔಷಧವನ್ನು ‘ಸಿದ್ಧಪಡಿಸುತ್ತಾರೆ’. ‘ಸೂತ್ರೀಕರಿಸು’ ಎಂಬುದನ್ನು, ಹರಡಿಕೊಂಡ ವಿಚಾರವನ್ನು ನಿಜವಾಗಿಯೂ ಒಂದು ಸೂತ್ರಕ್ಕೆ ಅಡಕಗೊಳಿಸಿದಾಗ ಮಾತ್ರ ಬಳಸಿರಿ.

ಈ ಕ್ರಮವನ್ನು ಒಂದು ವಾಕ್ಯದ ಮೇಲೆ ಪ್ರಯೋಗಿಸಿ ನೋಡೋಣ. ಮಕ್ಕಳ ವೈದ್ಯರ ಸೂಚನೆಯೊಂದು ಹೀಗಿದೆ ಎನ್ನಿ: ‘ಫಾರ್ಮುಲಾ ಕುಡಿಯುವ ಮಗುವಿಗೆ ಔಷಧದ ಪ್ರಮಾಣವನ್ನು ತೂಕದ ಫಾರ್ಮುಲಾದಿಂದ ತೆಗೆಯಬೇಕು, ಈ ಔಷಧದ ಹೊಸ ಫಾರ್ಮುಲಾದಲ್ಲಿ ಸಕ್ಕರೆ ಇಲ್ಲ.’ ಮೊದಲನೆಯದರ ಕ್ರಿಯಾಪದ ಕುಡಿಯುವುದು, ಎರಡನೆಯದರದು ಲೆಕ್ಕ ತೆಗೆಯುವುದು, ಮೂರನೆಯದರದು ಒಳಗೆ ಇರುವುದು ಅಥವಾ ಇಲ್ಲದಿರುವುದು. ಹಾಗಾದರೆ ಕನ್ನಡದ ವಾಕ್ಯ ಹೀಗಾಗುತ್ತದೆ: ‘ತಾಯಿಹಾಲಿನ ಬದಲಿ ಹಾಲನ್ನು ಕುಡಿಯುವ ಮಗುವಿಗೆ ಔಷಧವನ್ನು ಎಷ್ಟು ಕೊಡಬೇಕು ಎಂಬುದನ್ನು ಮಗುವಿನ ತೂಕವನ್ನು ಆಧರಿಸಿದ ಸೂತ್ರದಿಂದ ಲೆಕ್ಕ ಹಾಕಬೇಕು, ಈ ಔಷಧದ ಹೊಸ ಮಿಶ್ರಣದಲ್ಲಿ ಸಕ್ಕರೆ ಇಲ್ಲ.’